ಚಿಲಿ ಎರಡು ಸಲ ಬೇಡವೆಂದ ಸಂವಿಧಾನ

ಹೊಸ ಸಂವಿಧಾನ ಬೇಕೇ ಎಂದು ಚಿಲಿ ದೇಶ 2020ರ ಅಕ್ಟೋಬರ್ 25ರಂದು ತನ್ನ ಜನರನ್ನು ಕೇಳಿತು. ಮತ ಹಾಕಿದವರಲ್ಲಿ ಶೇ 78ರಷ್ಟು ಮಂದಿ ಬೇಕು ಎಂದರು. ಎರಡು ವರ್ಷ ತುಂಬುವ ಮೊದಲೇ, 2022ರ ಸೆಪ್ಟೆಂಬರ್ 4ರಂದು, ಸಿದ್ಧವಾದ ಕರಡನ್ನು ಮುಂದಿಟ್ಟಾಗ ಶೇ 62ರಷ್ಟು ಮಂದಿ ಬೇಡ ಎಂದರು. ಆಮೇಲೆ ಬೇರೆ ಸಭೆ ಕೂತಿತು, ಬಹುತೇಕ ಎದುರು ದಿಕ್ಕಿನ ಇನ್ನೊಂದು ಕರಡು ಬರೆಯಿತು. 2023ರ ಡಿಸೆಂಬರ್ 17ರಂದು ಅದನ್ನೂ ಸುಮಾರು ಶೇ 56ರಷ್ಟು ಮಂದಿ ತಳ್ಳಿಹಾಕಿದರು. ಎಡಪಂಥೀಯರು ಬರೆದದ್ದೂ ಬಿತ್ತು, ಬಲಪಂಥೀಯರು ಬರೆದದ್ದೂ ಬಿತ್ತು. ಬದಲಾಗಲೇಬೇಕೆಂದು ಜನ ಬೀದಿಗಿಳಿದಿದ್ದ, ಸರ್ವಾಧಿಕಾರಿ ಪಿನೊಚೆಯ ಕಾಲದ ಸಂವಿಧಾನವೇ ಅಲ್ಲಿ ಉಳಿದುಕೊಂಡಿತು.

ಈ ಫಲಿತಾಂಶ ಬಂದಾಗ ಎರಡು ವಿವರಣೆಗಳು ಎಲ್ಲೆಡೆ ಕೇಳಿಬಂದವು. ಜನ ಚಂಚಲರು, ಏನು ಬೇಕೆಂದು ಅವರಿಗೇ ಗೊತ್ತಿಲ್ಲ ಎಂಬುದು ಒಂದು. ಸುಳ್ಳು ಪ್ರಚಾರ ಜನರನ್ನು ದಾರಿ ತಪ್ಪಿಸಿತು ಎಂಬುದು ಇನ್ನೊಂದು. ಎರಡನೆಯದರಲ್ಲಿ ಸ್ವಲ್ಪ ಸತ್ಯವಿದೆ, ಮೊದಲನೆಯದರಲ್ಲಿ ಅಷ್ಟೂ ಇಲ್ಲ. ಚಿಲಿಯ ಕಥೆಯನ್ನು ಮೊದಲಿನಿಂದ ನೋಡುತ್ತ ಬಂದರೆ ನನಗೆ ಕಾಣುವುದು ಬೇರೆ. ಕರಡು ಬರೆಯಲು ಎದುರಾಳಿಯ ಒಪ್ಪಿಗೆ ಬೇಕಾಗದ ಪರಿಸ್ಥಿತಿ ಎರಡು ಸಲವೂ ಒದಗಿಬಂತು. ಎರಡು ಸಲವೂ ಬರೆದವರು ಅದನ್ನು ತಮ್ಮ ಬಲವೆಂದುಕೊಂಡರು. ಕರಡು ಬಿದ್ದದ್ದು ಅದರಿಂದಲೇ.

1973ರ ಸೆಪ್ಟೆಂಬರ್ 11ರಂದು ಸೇನೆ ದಂಗೆಯೆದ್ದು, ಚುನಾಯಿತ ಸಮಾಜವಾದಿ ಅಧ್ಯಕ್ಷ ಸಾಲ್ವಡಾರ್ ಅಯೆಂದೆಯವರ ಸರ್ಕಾರವನ್ನು ಉರುಳಿಸಿತು. ಅಧಿಕಾರ ಹಿಡಿದ ಜನರಲ್ ಆಗಸ್ಟೊ ಪಿನೊಚೆ ಏಳು ವರ್ಷಗಳ ನಂತರ, ಅದೇ ಸೆಪ್ಟೆಂಬರ್ 11ರಂದು, ಹೊಸ ಸಂವಿಧಾನಕ್ಕೆ ಜನಮತ ಗಣನೆ ನಡೆಸಿದರು. ಆಗ ಮತದಾರರ ಪಟ್ಟಿಯೇ ಇರಲಿಲ್ಲ, ರಾಜಕೀಯ ಪಕ್ಷಗಳಿಗೆ ಅವಕಾಶವಿರಲಿಲ್ಲ. ಆ ಸಂವಿಧಾನದ ಹಿಂದಿದ್ದ ಮುಖ್ಯ ಬುದ್ಧಿ ಹೈಮೆ ಗುಸ್ಮಾನ್ ಎಂಬ ಕಾನೂನು ಪಂಡಿತರದು. ನಾಳೆ ಎದುರಾಳಿಗಳು ಅಧಿಕಾರಕ್ಕೆ ಬಂದರೂ ನಾವು ಬಯಸುವುದಕ್ಕಿಂತ ತೀರಾ ಬೇರೆ ರೀತಿಯಲ್ಲಿ ನಡೆಯಲು ಅವರಿಗೆ ಸಾಧ್ಯವಾಗಬಾರದು, ವ್ಯವಸ್ಥೆಯೇ ಅವರನ್ನು ಕಟ್ಟಿಹಾಕಬೇಕು ಎಂಬ ವಿಚಾರವನ್ನು ಅವರು 1979ರಲ್ಲೇ ಬರೆದಿಟ್ಟಿದ್ದರು. ಅದಕ್ಕೆ ತಕ್ಕಂತೆ ಸಂವಿಧಾನದಲ್ಲಿ ನೇಮಕಗೊಂಡ ಸೆನೆಟರುಗಳಿದ್ದರು, ಸೇನಾ ಮುಖ್ಯಸ್ಥರಿಗೆ ಆಡಳಿತದಲ್ಲಿ ಮಾತಿತ್ತು, ಮುಖ್ಯ ವಿಧಿಗಳನ್ನು ಮುಟ್ಟಬೇಕಾದರೆ ಮೂರನೇ ಎರಡರಷ್ಟು ಬಹುಮತ ಬೇಕಿತ್ತು.

1988ರ ಜನಮತದಲ್ಲಿ ಸೋತು ಪಿನೊಚೆ ಅಧ್ಯಕ್ಷ ಪದವಿ ಬಿಟ್ಟರು. ಸೇನೆಯ ಮುಖ್ಯಸ್ಥರಾಗಿ ಮಾತ್ರ 1998ರವರೆಗೂ ಮುಂದುವರಿದರು. ಅವರು ಬಿಟ್ಟುಹೋದ ಸಂವಿಧಾನಕ್ಕೆ ತಿದ್ದುಪಡಿಗಳ ಮೇಲೆ ತಿದ್ದುಪಡಿಗಳಾದವು. 1989ರಲ್ಲಿ ಒಂದು ಕಂತು, 2005ರಲ್ಲಿ ರಿಕಾರ್ಡೊ ಲಾಗೋಸ್ ಅಧ್ಯಕ್ಷರಾಗಿದ್ದಾಗ ಇನ್ನೊಂದು ದೊಡ್ಡ ಕಂತು. ನೇಮಕದ ಸೆನೆಟರುಗಳು ಹೋದರು, ಪಿನೊಚೆಯ ಸಹಿ ಇದ್ದ ಕಡೆ ಲಾಗೋಸ್ ಅವರ ಸಹಿ ಬಂತು. ಆದರೆ ದಿನನಿತ್ಯದ ಬದುಕನ್ನು ತಾಗುವ ಭಾಗ ಹಾಗೆಯೇ ಉಳಿಯಿತು. ಶಿಕ್ಷಣ, ಆರೋಗ್ಯ, ಪಿಂಚಣಿಯಲ್ಲಿ ಖಾಸಗಿಯವರಿಗೆ ಮೊದಲ ಜಾಗ, ಸರ್ಕಾರಕ್ಕೆ ಅವರು ಬಿಟ್ಟ ಜಾಗ ಎಂಬ ವ್ಯವಸ್ಥೆ ಅದು. ನೀರಿನ ಬಳಕೆಯ ಹಕ್ಕನ್ನೂ ಅಲ್ಲಿ ಆಸ್ತಿಯಂತೆ ಕೊಳ್ಳಬಹುದು, ಮಾರಬಹುದು.

2019ರ ಅಕ್ಟೋಬರಿನಲ್ಲಿ ರಾಜಧಾನಿ ಸ್ಯಾಂಟಿಯಾಗೊದ ಮೆಟ್ರೊ ದರ 30 ಪೆಸೊ ಏರಿತು. ವಿದ್ಯಾರ್ಥಿಗಳು ಟಿಕೆಟ್ ಇಲ್ಲದೆ ಗೇಟು ಹಾರಿ ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ ಮೆಟ್ರೊ ನಿಲ್ದಾಣಗಳು ಹೊತ್ತಿ ಉರಿದವು, ತುರ್ತುಸ್ಥಿತಿ ಘೋಷಣೆಯಾಯಿತು, ಅಕ್ಟೋಬರ್ 25ರಂದು ಸ್ಯಾಂಟಿಯಾಗೊದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಇದು 30 ಪೆಸೊ ಸಿಟ್ಟಲ್ಲ, 30 ವರ್ಷದ ಸಿಟ್ಟು ಎಂಬುದು ಅವರ ಘೋಷಣೆ. ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಪೊಲೀಸರು ಹಾರಿಸಿದ ಪೆಲೆಟ್ ಗುಂಡುಗಳಿಂದ ನೂರಾರು ಮಂದಿಯ ಕಣ್ಣಿಗೆ ಗಾಯವಾಯಿತು. ನವೆಂಬರ್ 15ರ ಬೆಳಗಿನ ಜಾವ, ರಾತ್ರಿಯಿಡೀ ಮಾತುಕತೆ ನಡೆಸಿದ ಪಕ್ಷಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಹೊಸ ಸಂವಿಧಾನದ ದಾರಿ ತೆರೆದದ್ದು ಹೀಗೆ. ಸೂತಕದ ಮನೆಯಲ್ಲಿ, ಹೊಗೆ ಆರುವ ಮೊದಲೇ ಆದ ಒಪ್ಪಂದ ಅದು ಎಂಬುದನ್ನು ಮರೆಯಬಾರದು.

ಕರಡು ರಚನೆಗೆ 155 ಮಂದಿಯ ಸಭೆ. ಅದರಲ್ಲಿ ಹೆಣ್ಣು ಗಂಡು ಸರಿಸಮ. ಮೂಲನಿವಾಸಿ ಸಮುದಾಯಗಳಿಗೆ 17 ಸ್ಥಾನ ಮೀಸಲು, ಅದರಲ್ಲಿ ಏಳು ಮಾಪುಚೆ ಜನಾಂಗಕ್ಕೆ. ಪ್ರತಿ ವಿಧಿಗೂ ಮೂರನೇ ಎರಡರಷ್ಟು ಬೆಂಬಲ ಬೇಕು. 2021ರ ಜುಲೈ 4ರಂದು ಸಭೆ ಮೊದಲ ಸಲ ಸೇರಿದಾಗ ಎಲಿಸಾ ಲೋಂಕೋನ್ ಎಂಬ ಮಾಪುಚೆ ಮಹಿಳೆ ಅಧ್ಯಕ್ಷೆಯಾದರು. ಅವರು ಭಾಷಾವಿಜ್ಞಾನದ ಪ್ರಾಧ್ಯಾಪಕಿ. ಪೀಠವೇರಿ ತಮ್ಮ ತಾಯ್ನುಡಿ ಮಾಪುದುಂಗುನ್‌ನಲ್ಲಿ ಮಾತು ಶುರುಮಾಡಿದರು. ಶತಮಾನಗಳಿಂದ ನೆಲ ಕಳೆದುಕೊಂಡು, ಶಾಲೆಯಲ್ಲಿ ತಮ್ಮ ನುಡಿಗಾಗಿ ನಾಚುವಂತೆ ಮಾಡಿಸಿಕೊಂಡ ಒಂದು ಜನಾಂಗದ ಮಗಳು ದೇಶದ ಸಂವಿಧಾನ ಬರೆಯುವ ಸಭೆಗೆ ಒಡತಿಯಾದದ್ದು ಸಣ್ಣ ಸಂಗತಿಯಲ್ಲ. ಕರಡು ಬಿದ್ದುಹೋಯಿತೆಂದು ಆ ದಿನದ ಬೆಲೆ ಕಡಿಮೆಯಾಗಲಾರದು.

ಆದರೆ ಆ ಸಭೆಯನ್ನು ಆರಿಸಿದವರು ಎಷ್ಟು ಮಂದಿ? 2021ರ ಮೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಮತದಾನ ಕಡ್ಡಾಯವಿರಲಿಲ್ಲ. ಅರ್ಹರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಬಂದರು. ಬಂದವರು ಹೆಚ್ಚಾಗಿ ಬದಲಾವಣೆಯ ಉತ್ಸಾಹವಿದ್ದವರು. ಪಕ್ಷಗಳಿಂದ ಅವರು ರೋಸಿಹೋಗಿದ್ದರಿಂದ ಪಕ್ಷೇತರರು ದೊಡ್ಡ ಸಂಖ್ಯೆಯಲ್ಲಿ ಗೆದ್ದರು. ಬಲಪಂಥೀಯರ ಒಕ್ಕೂಟಕ್ಕೆ ಸಿಕ್ಕಿದ್ದು 37 ಸ್ಥಾನ. ಯಾವುದೇ ವಿಧಿಯನ್ನು ತಡೆಯಬೇಕಿದ್ದರೆ ಮೂರನೇ ಒಂದು ಪಾಲು, ಅಂದರೆ ಸುಮಾರು 52 ಸ್ಥಾನ ಬೇಕಿತ್ತು. ಮೂರನೇ ಎರಡರ ನಿಯಮವನ್ನು ಇಟ್ಟದ್ದೇ ಎರಡೂ ಕಡೆಯವರು ಕೂತು ಮಾತಾಡಲಿ ಎಂದು. 37 ಎಂಬ ಆ ಒಂದು ಸಂಖ್ಯೆಯಿಂದ ಆ ನಿಯಮದ ಅರ್ಥವೇ ಕಳೆದುಹೋಯಿತು. ಬಲಪಂಥೀಯರನ್ನು ಕೇಳದೆಯೇ ಎಲ್ಲವನ್ನೂ ಬರೆಯಬಹುದಾಗಿತ್ತು. ಬರೆದರು.

ಅಣ್ಣತಮ್ಮಂದಿರ ಜಮೀನು ಪಾಲಾಗುವಾಗ ಹಿರಿಯರು ಪಾಲುಪಟ್ಟಿಯನ್ನು ಜಗಳವಾಡಿದ ತಮ್ಮನನ್ನು ಎದುರಿಗೆ ಕೂರಿಸಿಕೊಂಡೇ ಬರೆಸುತ್ತಾರೆ. ಅವನ ಮೇಲಿನ ಪ್ರೀತಿಯಿಂದಲ್ಲ, ಕೊನೆಗೆ ಅವನ ಸಹಿಯೂ ಬೇಕು ಎಂಬ ಕಾರಣಕ್ಕೆ. ಚಿಲಿಯಲ್ಲಿ ಸಹಿ ಹಾಕಬೇಕಾದವರು ಆ ಸಭೆಯ ಹೊರಗಿದ್ದರು. ಸಂಖ್ಯೆಯನ್ನು ನೋಡಿ. 2022ರ ಅಂತಿಮ ಜನಮತದಲ್ಲಿ ಮತದಾನ ಕಡ್ಡಾಯವಾಗಿತ್ತು, ಸುಮಾರು 1 ಕೋಟಿ 30 ಲಕ್ಷ ಜನ ಮತ ಹಾಕಿದರು. 2020ರಲ್ಲಿ ಹೊಸ ಸಂವಿಧಾನ ಬೇಕೆಂದವರು ಸುಮಾರು 59 ಲಕ್ಷ, ಬೇಡವೆಂದವರು 16 ಲಕ್ಷ. 2022ರಲ್ಲಿ ಕರಡಿಗೆ ಒಪ್ಪಿಗೆ ಕೊಟ್ಟವರು ಸುಮಾರು 49 ಲಕ್ಷ, ತಿರಸ್ಕರಿಸಿದವರು 79 ಲಕ್ಷ. ಹತ್ತು ಲಕ್ಷದಷ್ಟು ಬೆಂಬಲ ಕರಗಿದ್ದು ನಿಜ. ಅದಕ್ಕಿಂತ ಬಹಳ ದೊಡ್ಡದು ಹೊಸದಾಗಿ ಬಂದವರ ಸಂಖ್ಯೆ. ಮೊದಲ ಸಲ ಮತಗಟ್ಟೆಗೇ ಬಾರದಿದ್ದ, ಸಭೆಯನ್ನು ಆರಿಸದಿದ್ದ, ಅಲ್ಲಿ ತಮ್ಮವರೆಂದು ಹೇಳಿಕೊಳ್ಳಲು ಯಾರೂ ಇಲ್ಲದಿದ್ದ ಐವತ್ತು ಲಕ್ಷಕ್ಕೂ ಹೆಚ್ಚು ಮಂದಿ ಅವರು. ಅವರನ್ನು ಚಂಚಲರೆನ್ನುವುದು ಅನ್ಯಾಯ. ಅವರ ಅಭಿಪ್ರಾಯವನ್ನು ಮೊದಲ ಸಲ ಕೇಳಿದ್ದೇ ಆಗ.

ಕರಡಿನಲ್ಲಿದ್ದ 388 ವಿಧಿಗಳಲ್ಲಿ ಒಳ್ಳೆಯದು ಬಹಳವಿತ್ತು. ವಸತಿ, ಆರೋಗ್ಯ, ಶಿಕ್ಷಣ, ಪಿಂಚಣಿಯನ್ನು ಹಕ್ಕೆಂದು ಅದು ಘೋಷಿಸಿತು. ಪ್ರಕೃತಿಗೂ ಹಕ್ಕುಗಳಿವೆ ಎಂದಿತು. ಎಲ್ಲ ಸರ್ಕಾರಿ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಸಮಪಾಲು ಕೊಟ್ಟಿತು, ಗರ್ಭಪಾತದ ಹಕ್ಕನ್ನು ಒಪ್ಪಿತು. ಸೆನೆಟನ್ನು ತೆಗೆದು ಪ್ರದೇಶಗಳ ಸದನವೊಂದನ್ನು ತಂದಿತು. ಚಿಲಿಯನ್ನು ಬಹುರಾಷ್ಟ್ರೀಯ ರಾಜ್ಯವೆಂದು ಕರೆದು, ಮೂಲನಿವಾಸಿಗಳಿಗೆ ಸ್ವಾಯತ್ತ ಪ್ರದೇಶಗಳನ್ನೂ ತಮ್ಮದೇ ನ್ಯಾಯ ಪದ್ಧತಿಯನ್ನೂ ಮಾನ್ಯ ಮಾಡಿತು. ಜನ ಇದನ್ನು ಓದಲಿಲ್ಲ ಎನ್ನುವಂತಿಲ್ಲ. ಕರಡಿನ ಮುದ್ರಿತ ಪ್ರತಿಗಳು ಬೀದಿಬದಿಯ ಅಂಗಡಿಗಳಲ್ಲಿ ಬಿಸಿಬಿಸಿಯಾಗಿ ಮಾರಾಟವಾದವು.

ಪೆಟೋರ್ಕಾ ಎಂಬ ಊರಿನ ಫಲಿತಾಂಶ ಹಲವರನ್ನು ಬೆರಗುಗೊಳಿಸಿತು. ಸ್ಯಾಂಟಿಯಾಗೊದ ಉತ್ತರಕ್ಕಿರುವ ಬರಪೀಡಿತ ಸೀಮೆ ಅದು. ಬೆಟ್ಟದ ಇಳಿಜಾರುಗಳಲ್ಲಿ ರಫ್ತಿಗೆಂದು ಬೆಳೆದ ಬೆಣ್ಣೆಹಣ್ಣಿನ ತೋಟಗಳು ಹಸಿರಾಗಿರುತ್ತವೆ, ಕೆಳಗಿನ ಮನೆಗಳಿಗೆ ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತದೆ. ನೀರನ್ನು ಯಾರೂ ಸ್ವಂತ ಮಾಡಿಕೊಳ್ಳುವಂತಿಲ್ಲ ಎಂದು ಬರೆದ ಕರಡು ಗೆಲ್ಲುವುದಾದರೆ ಮೊದಲು ಅಲ್ಲಿ ಗೆಲ್ಲಬೇಕಿತ್ತು. ಅಲ್ಲೂ ತಿರಸ್ಕಾರವೇ ಗೆದ್ದಿತು. ಮಾಪುಚೆ ಜನ ಹೆಚ್ಚಾಗಿರುವ ದಕ್ಷಿಣದ ಅರೌಕಾನಿಯಾ ಪ್ರಾಂತ್ಯದಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಮತ ಕರಡಿನ ವಿರುದ್ಧ ಬಿತ್ತು. ದೇಶದ 16 ಪ್ರಾಂತ್ಯಗಳಲ್ಲಿ ಒಂದೂ ಒಪ್ಪಲಿಲ್ಲ.

ಯಾರಿಗಾಗಿ ಬರೆದೆವೋ ಅವರೇ ಬೇಡವೆಂದಾಗ, ಅವರಿಗೆ ತಿಳಿವಳಿಕೆ ಸಾಲದೆಂದು ಹೇಳುವ ಚಾಳಿ ಓದಿಕೊಂಡವರಲ್ಲಿ ಎಲ್ಲ ದೇಶಗಳಲ್ಲೂ ಇದೆ. ಇಂಥ ಫಲಿತಾಂಶಕ್ಕೆ ಹಲವು ಕಾರಣ ಇರಬಹುದು. ತೋಟದ ಕೂಲಿಯನ್ನೇ ನಂಬಿದವರಿಗೆ ತೋಟ ಒಣಗಿದರೆ ಏನು ಗತಿ ಎಂಬ ಪ್ರಶ್ನೆ ಇರುತ್ತದೆ. ಮೂಲನಿವಾಸಿಗಳಿಗೆ ಬೇರೆ ನ್ಯಾಯ ಪದ್ಧತಿ ಎಂದಾಗ ತಮ್ಮ ವ್ಯಾಜ್ಯ ಯಾರ ಮುಂದೆ ಹೋಗುತ್ತದೆ ಎಂಬ ಪ್ರಶ್ನೆ ಅಕ್ಕಪಕ್ಕದ ರೈತನಿಗೂ ಮಾಪುಚೆ ಕುಟುಂಬಕ್ಕೂ ಏಳುತ್ತದೆ. ಅವಕ್ಕೆ ಉತ್ತರ ಸಭೆಯ ಒಳಗೇ ಸಿಗಬೇಕಿತ್ತು. ಪ್ರಶ್ನೆ ಕೇಳುವವರೇ ಅಲ್ಲಿ ಕಡಿಮೆಯಿದ್ದರು.

ಪಿಂಚಣಿಯ ವಿಷಯದಲ್ಲಂತೂ ಅಂಥ ಪ್ರಶ್ನೆ ಸಭೆಯ ಬಾಗಿಲಿಗೇ ಬಂದಿತ್ತು. 15 ಸಾವಿರ ಸಹಿ ಸಂಗ್ರಹಿಸಿದರೆ ಯಾವ ನಾಗರಿಕ ಗುಂಪಾದರೂ ಒಂದು ವಿಧಿಯನ್ನು ಪ್ರಸ್ತಾಪಿಸಬಹುದೆಂಬ ನಿಯಮವನ್ನು ಸಭೆ ಮಾಡಿಕೊಂಡಿತ್ತು. ತುಂಬ ಒಳ್ಳೆಯ ನಿಯಮ. ಹಾಗೆ ಅರ್ಹತೆ ಪಡೆದ 78 ಪ್ರಸ್ತಾಪಗಳಲ್ಲಿ ಅತಿ ಹೆಚ್ಚು ಸಹಿ, ಅರವತ್ತು ಸಾವಿರಕ್ಕೂ ಮಿಗಿಲು, ಸಿಕ್ಕಿದ್ದು ‘ನನ್ನ ದುಡ್ಡನ್ನು ಮುಟ್ಟಬೇಡಿ’ ಎಂಬ ಚಳವಳಿಗೆ. ಚಿಲಿಯಲ್ಲಿ 1981ರಿಂದ ಪಿಂಚಣಿ ಎಂದರೆ ಖಾಸಗಿ ಕಂಪನಿಗಳಲ್ಲಿರುವ ವೈಯಕ್ತಿಕ ಉಳಿತಾಯ ಖಾತೆ. ಕೊನೆಗೆ ಕೈಗೆ ಬರುವ ಹಣ ಅಲ್ಪವೆಂಬ ಸಿಟ್ಟು ಜನರಿಗಿತ್ತು, 2019ರಲ್ಲಿ ಬೀದಿಗಿಳಿದದ್ದಕ್ಕೆ ಅದೂ ಒಂದು ಕಾರಣ. ಆದರೆ ಕೋವಿಡ್ ಕಾಲದಲ್ಲಿ ಆ ಖಾತೆಯಿಂದ ಮೂರು ಸಲ ಹಣ ತೆಗೆಯಲು ಅವಕಾಶ ಸಿಕ್ಕಿತ್ತು. ಅಕ್ಕಿಬೇಳೆಗೆ ಆದದ್ದು ಆ ದುಡ್ಡು. ಅಂದಿನಿಂದ ಅದು ನನ್ನದು ಎಂಬ ಭಾವ ಗಟ್ಟಿಯಾಯಿತು. ಖಾತೆಯ ಒಡೆತನ ಖಾತೆದಾರನದೇ ಎಂಬ ಒಂದು ಸಾಲು ಬರೆಯಿರಿ ಎಂದು ಆ ಚಳವಳಿಯವರು ಕೇಳಿದರು. ಸಭೆಯ ಸಮಿತಿ ಆ ಪ್ರಸ್ತಾಪವನ್ನು ತಳ್ಳಿಹಾಕಿತು. ಮುಂದೆ ನಿಮ್ಮ ಮನೆಯನ್ನೂ ಕಿತ್ತುಕೊಳ್ಳುತ್ತಾರೆ ಎಂಬ ಸುಳ್ಳು ಹಬ್ಬಿದಾಗ, ಜನ ಅದನ್ನು ನಂಬಲು ನೆಲ ಹದವಾಗಿತ್ತು.

ಸಭೆಯ ಮರ್ಯಾದೆಗೂ ಪೆಟ್ಟು ಬಿದ್ದಿತ್ತು. ಕ್ಯಾನ್ಸರ್ ರೋಗಿಯೆಂದು ಹೇಳಿಕೊಂಡು ಚಳವಳಿಯಲ್ಲಿ ಹೆಸರು ಮಾಡಿ ಗೆದ್ದಿದ್ದ ಪ್ರತಿನಿಧಿಯೊಬ್ಬರು, ತಮಗೆ ಆ ಕಾಯಿಲೆ ಇಲ್ಲವೆಂದು ಕೆಲವೇ ತಿಂಗಳಲ್ಲಿ ಒಪ್ಪಿಕೊಳ್ಳಬೇಕಾಯಿತು. ಹಗಲೂ ರಾತ್ರಿ ದುಡಿದ ನೂರೈವತ್ತು ಮಂದಿಯ ಕೆಲಸಕ್ಕಿಂತ ಅಂಥ ಸುದ್ದಿ ಬೇಗ ಮನೆಮನೆ ತಲುಪುತ್ತದೆ.

ಇಷ್ಟು ಓದಿದ ಕನ್ನಡಿಗರಿಗೆ, ನಮ್ಮ ಸಂವಿಧಾನವನ್ನು ಜನಮತಕ್ಕೆ ಹಾಕಿದ್ದರೇ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಹಾಕಲಿಲ್ಲ. ಅದನ್ನು ರಚಿಸಿದ ಸಭೆಯನ್ನು ಎಲ್ಲ ವಯಸ್ಕರು ಆರಿಸಿರಲೂ ಇಲ್ಲ. ಆಸ್ತಿ, ವಿದ್ಯೆಯ ಅರ್ಹತೆ ಇದ್ದವರಷ್ಟೇ ಮತ ಹಾಕಿ ಕಳಿಸಿದ ಪ್ರಾಂತೀಯ ಶಾಸಕರು ಆರಿಸಿದ ಸಭೆ ಅದು. ದಾಮೋದರ್ ಸ್ವರೂಪ್ ಸೇಠ್ ಅವರಂಥ ಸದಸ್ಯರು ಸಭೆಯೊಳಗೇ ಈ ಆಕ್ಷೇಪವನ್ನು ಎತ್ತಿದ್ದರು. ಮುಸ್ಲಿಂ ಲೀಗ್ ಮೊದಲ ಅಧಿವೇಶನಕ್ಕೇ ಬರಲಿಲ್ಲ, ಮುಂದೆ ದೇಶವೇ ಇಬ್ಭಾಗವಾಯಿತು. ಹೀಗಾಗಿ ನಮ್ಮದು ಮಾದರಿ ವಿಧಾನ ಎಂದು ಎದೆತಟ್ಟಿಕೊಳ್ಳುವಂತಿಲ್ಲ. ಆದರೂ ಅಲ್ಲಿ ನಡೆದ ಒಂದು ಸಂಗತಿ ಚಿಲಿಯಲ್ಲಿ ನಡೆಯಲಿಲ್ಲ. ಕಾಂಗ್ರೆಸ್ಸಿಗೆ ಸಭೆಯಲ್ಲಿ ಅಗಾಧ ಬಹುಮತವಿತ್ತು, ಯಾರನ್ನೂ ಕೇಳದೆ ಬರೆಯಬಹುದಿತ್ತು. ಕರಡು ಸಮಿತಿಯ ಅಧ್ಯಕ್ಷರಾಗಿ ಬಂದವರು ಮಾತ್ರ ವರ್ಷಗಳ ಕಾಲ ಕಾಂಗ್ರೆಸ್ಸನ್ನು ಕಟುವಾಗಿ ಟೀಕಿಸಿದ್ದ ಅಂಬೇಡ್ಕರ್. ಏಳು ಜನರ ಆ ಸಮಿತಿಯಲ್ಲಿ ಲೀಗಿನ ಸಾದುಲ್ಲಾ ಇದ್ದರು, ನಂತರ ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾವ್ ಬಂದು ಸೇರಿದರು. 1948ರ ಫೆಬ್ರುವರಿಯಲ್ಲಿ ಕರಡು ಪ್ರಕಟವಾಗಿ, ಸಭೆಯ ಮುಂದೆ ಬರುವ ಹೊತ್ತಿಗೆ ನವೆಂಬರ್ ಆಗಿತ್ತು. ಅಷ್ಟು ತಿಂಗಳು ಅದು ದೇಶದ ಕೈಯಲ್ಲಿತ್ತು. 7,635 ತಿದ್ದುಪಡಿಗಳು ಬಂದವು, ಅದರಲ್ಲಿ 2,473 ಚರ್ಚೆಗೆ ಬಂದವು. ಮೈಸೂರಿನಿಂದ ಹೋಗಿದ್ದ ಕೆಂಗಲ್ ಹನುಮಂತಯ್ಯನವರು 1949ರ ನವೆಂಬರಿನಲ್ಲಿ, ವೀಣೆ ಸಿತಾರಿನ ನಾದ ಬಯಸಿದ್ದೆವು, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂಬರ್ಥದ ಮಾತಾಡಿದರು. ಅಷ್ಟು ಕಟುವಾಗಿ ಟೀಕಿಸಿದವರು ಅದೇ ಸಂವಿಧಾನದ ಅಡಿಯಲ್ಲಿ 1952ರಲ್ಲಿ ಮೈಸೂರಿನ ಮುಖ್ಯಮಂತ್ರಿಯಾದರು. ಅತೃಪ್ತಿ ಇತ್ತು, ಆದರೆ ಹೊರಗೆ ನಿಲ್ಲಿಸಿದರೆಂಬ ನೋವು ಅವರಿಗಿರಲಿಲ್ಲ.

ಚಿಲಿಯ ಎರಡನೇ ಯತ್ನದ ಬಗ್ಗೆ ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಕಥೆ ಅದೇ, ಕೈಗಳು ಬೇರೆ. 2022ರ ಡಿಸೆಂಬರಿನಲ್ಲಿ ಪಕ್ಷಗಳು ಮತ್ತೆ ಒಪ್ಪಂದ ಮಾಡಿಕೊಂಡವು. ಈ ಸಲ ಹನ್ನೆರಡು ಗಡಿಗೆರೆಗಳನ್ನು ಮೊದಲೇ ಎಳೆದರು, ಸಂಸತ್ತು ನೇಮಿಸಿದ 24 ತಜ್ಞರು ಮೊದಲ ಕರಡು ಬರೆದರು. ಎಡ ಬಲ ಎರಡೂ ಕಡೆಯ ತಜ್ಞರು ಪರಸ್ಪರ ಕೊಟ್ಟು ತೆಗೆದುಕೊಂಡು ಒಮ್ಮತದ ಪಠ್ಯ ಸಿದ್ಧಪಡಿಸಿದರು. ಇಡೀ ನಾಲ್ಕು ವರ್ಷಗಳಲ್ಲಿ ನನಗೆ ಅತ್ಯಂತ ಭರವಸೆ ಕಾಣುವ ಘಟ್ಟ ಅದು, ಯಾರೂ ಹೆಚ್ಚು ಮಾತಾಡದ ಘಟ್ಟವೂ ಅದೇ. ಆ ಕರಡನ್ನು ತಿದ್ದಲು 2023ರ ಮೇ 7ರಂದು ಚುನಾಯಿತ ಮಂಡಳಿ ಬಂತು. ಅದರ 51 ಸ್ಥಾನಗಳಲ್ಲಿ 23ನ್ನು ಹೋಸೆ ಆಂಟೋನಿಯೊ ಕಾಸ್ತ್ ಅವರ ರಿಪಬ್ಲಿಕನ್ ಪಕ್ಷ ಗೆದ್ದಿತು. ಹೊಸ ಸಂವಿಧಾನವೇ ಬೇಡವೆಂದಿದ್ದ ಪಕ್ಷ ಅದು. ಸಾಂಪ್ರದಾಯಿಕ ಬಲಪಂಥದ 11 ಸೇರಿದರೆ ಐದನೇ ಮೂರರ ಬಹುಮತ ದಾಟುತ್ತಿತ್ತು. ಆ ಚುನಾವಣೆಯಲ್ಲಿ ಐದರಲ್ಲಿ ಒಂದರಷ್ಟು ಮತಗಳು ಅಸಿಂಧುವಾದವು, ಇಲ್ಲವೇ ಖಾಲಿ ಬಿದ್ದವು. ಜನ ದಣಿದಿದ್ದರು. ಆ ಸೂಚನೆಯನ್ನು ಮಂಡಳಿ ಗಮನಿಸಲಿಲ್ಲ. ಹುಟ್ಟಲಿರುವ ಮಗುವಿನ ರಕ್ಷಣೆಯನ್ನು ಬಿಗಿಮಾಡುವುದು, ದಾಖಲೆಯಿಲ್ಲದ ವಲಸಿಗರನ್ನು ಹೊರಹಾಕುವುದು, ಸ್ವಂತ ವಾಸದ ಮನೆಗೆ ತೆರಿಗೆ ವಿನಾಯಿತಿ ಮುಂತಾದ ತಮ್ಮ ಪ್ರಣಾಳಿಕೆಯ ಅಂಶಗಳನ್ನು ಬಲಪಂಥೀಯರು ತಜ್ಞರ ಕರಡಿಗೆ ಸೇರಿಸುತ್ತ ಹೋದರು. ಎಡಪಂಥೀಯರು ಈಗ ಪಿನೊಚೆ ಸಂವಿಧಾನವನ್ನು ಉಳಿಸಲು ಪ್ರಚಾರ ಮಾಡಬೇಕಾಯಿತು. ತೀರಾ ಕೆಟ್ಟದ್ದಕ್ಕಿಂತ ಕೆಟ್ಟದ್ದೇ ಮೇಲು ಎಂದು ಮಾಜಿ ಅಧ್ಯಕ್ಷೆ ಮಿಶೆಲ್ ಬಾಚೆಲೆಟ್ ಹೇಳಿದರು. ಸರ್ವಾಧಿಕಾರದ ಕಾಲದಲ್ಲಿ ತಂದೆಯನ್ನು ಕಳೆದುಕೊಂಡ, ಸ್ವತಃ ಸೆರೆವಾಸ ಅನುಭವಿಸಿದ ಮಹಿಳೆ ಅವರು. ಅವರ ಬಾಯಲ್ಲಿ ಆ ಮಾತು ಬರಬೇಕಾಯಿತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

2023ರ ಸೋಲಿನ ರಾತ್ರಿಯೇ ಅಧ್ಯಕ್ಷ ಗೇಬ್ರಿಯಲ್ ಬೋರಿಚ್, ತಮ್ಮ ಅವಧಿಯಲ್ಲಿ ಮೂರನೇ ಯತ್ನ ಇಲ್ಲ ಎಂದರು. ಹಳೆಯ ಸಂವಿಧಾನಕ್ಕೆ ಈಗ ಜನರ ಮುದ್ರೆ ಬಿದ್ದಂತಾಯಿತು ಎಂದು ಬಲಪಂಥೀಯರು ವಾದಿಸುತ್ತಾರೆ. ನಾನು ಒಪ್ಪಲಾರೆ. ಎರಡು ಬದಲಿಗಳನ್ನು ಬೇಡವೆಂದದ್ದಕ್ಕೆ ಮೂರನೆಯದನ್ನು ಮೆಚ್ಚಿದರೆಂಬ ಅರ್ಥ ಬರುವುದಿಲ್ಲ.

ಗದ್ದಲವಿಲ್ಲದೆ ಆದ ಕೆಲಸಗಳೂ ಇವೆ. ನೀರಿನ ಸಂಹಿತೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಂಸತ್ತಿನಲ್ಲಿ ನೆನೆಗುದಿಗೆ ಬಿದ್ದಿತ್ತು. 2022ರಲ್ಲಿ ಅದು ಬದಲಾಗಿ ಕುಡಿಯುವ ನೀರಿಗೆ ಮೊದಲ ಆದ್ಯತೆ ಸಿಕ್ಕಿತು, ಹೊಸದಾಗಿ ಕೊಡುವ ನೀರಿನ ಹಕ್ಕಿಗೆ ಕಾಲಮಿತಿ ಬಂತು. 2025ರ ಜನವರಿಯಲ್ಲಿ, ಬಹುಮತವಿಲ್ಲದ ಬೋರಿಚ್ ಸರ್ಕಾರ ಬಲಪಂಥೀಯರ ಜೊತೆ ಚೌಕಾಸಿ ಮಾಡಿ ಪಿಂಚಣಿ ಸುಧಾರಣೆಗೆ ಒಪ್ಪಿಗೆ ಪಡೆಯಿತು. ವೈಯಕ್ತಿಕ ಖಾತೆಗಳು ಉಳಿದವು, ಅದರ ಜೊತೆಗೆ ಕೆಲಸ ಕೊಟ್ಟ ಮಾಲೀಕರೂ ತಮ್ಮ ಪಾಲು ಕಟ್ಟಬೇಕೆಂಬ ನಿಯಮ ಬಂತು. 2025ರ ಡಿಸೆಂಬರಿನಲ್ಲಿ ಕಾಸ್ತ್ ಅವರೇ ಅಧ್ಯಕ್ಷರಾಗಿ ಆಯ್ಕೆಯಾದರು. ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ನನ್ನ ದೃಷ್ಟಿಯಲ್ಲಿ 2022ರ ಆಗಸ್ಟಿನದು. ಮೊದಲ ಕರಡಿನ ಜನಮತಕ್ಕೆ ಕೆಲವೇ ವಾರ ಮುಂಚೆ ಹಳೆಯ ಸಂವಿಧಾನವನ್ನು ತಿದ್ದುವ ನಿಯಮವನ್ನೇ ಸಡಿಲಿಸಿ, ಏಳನೇ ನಾಲ್ಕರಷ್ಟು ಮತ ಸಾಕೆಂದು ಸಂಸತ್ತು ಒಪ್ಪಿತು. ಗುಸ್ಮಾನ್ ಹಾಕಿದ್ದ ಬೀಗ ತೆರೆದದ್ದು ಅಂದು. ಈಗ ಕೆಳಮನೆಯ 155ರಲ್ಲಿ 89, ಸೆನೆಟಿನ 50ರಲ್ಲಿ 29 ಮತ ಸಿಕ್ಕರೆ ಆ ಸಂವಿಧಾನದ ಯಾವ ವಿಧಿಯನ್ನಾದರೂ ಬದಲಿಸಬಹುದು. ಎದುರು ಬೆಂಚಿನ ಕೆಲವರನ್ನಾದರೂ ಒಪ್ಪಿಸಿಕೊಳ್ಳದೆ ಆ ಸಂಖ್ಯೆಯನ್ನು ಮುಟ್ಟುವುದು ಅಲ್ಲಿನ ಯಾವ ಬಣಕ್ಕೂ ಸುಲಭವಿಲ್ಲ.